ಬೋಯ ಉರುಕುಂದಪ್ಪನ ಕಾಟಾ ಚೀಟಿ

ಇನ್ನೂರೆಂಟು ಕೇಜಿ ಹತ್ತಿ ಕಾಗದದಲ್ಲಿದೆ,
ಗೋದಾಮಿನಲ್ಲಿಲ್ಲ.
ಒಂದು ಸಲವಲ್ಲ; ಆ ಲಾರಿ ಬಂದ ಪ್ರತಿ ಸಲ.
ಗಾಳಿಗೆ ಹಾರಿದ್ದಾದರೆ ಹೆಚ್ಚು ಕಡಿಮೆ ಆಗಬೇಕಿತ್ತು.
ಆಗಿಲ್ಲ. ಇನ್ನೂರೆಂಟು.

ಜಿನ್ನಿಂಗ್ ಮಿಲ್ಲಿನ ಗುಮಾಸ್ತ ತಿಪ್ಪಯ್ಯಶೆಟ್ಟಿ
ಪುಸ್ತಕ ಮಡಚಿ ಹೇಳಿದ: "ಕಳ್ಳ ಸಿಕ್ಕ.
ಬೋಯ ಉರುಕುಂದಪ್ಪ. ಕಾಟಾ ಮೇಲೆ ಏನೋ ಕೈಚಳಕ."

ಅವನು ಬಾಗಿಲಲ್ಲೇ ನಿಂತಿದ್ದ,
ಹುಬ್ಬಿನಲ್ಲಿ ಹತ್ತಿಯ ನವಿರು.
"ಗಾಡಿ ನಿಂದ್ರಸ್ತೀನಿ, ಇಳೀತೀನಿ.
ಮುಂದಿಂದು ನಿಮ್ ಮಿಷನ್ನಿಗೇ ಗೊತ್ತಕ್ಕಾ."

ಮಿಷನ್ನಿಗೆ ಗೊತ್ತಿರಲಿಲ್ಲ.

ತೊಂಬತ್ತಾರರಲ್ಲಿ ಮಸ್ತಾನ್‌ವಲಿ ಮೇಷ್ಟ್ರು
ಆದೋನಿಯ ಈ ತಗಡಿನ ಕೋಣೆಯಲ್ಲಿ ಕೂತು
ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು:
ಒಂದು ಫ್ಲಾಪಿ, ಎರಡು ಚಹಾ, ಮುನ್ನೂರು ರೂಪಾಯಿ.
ಹೆಸರಿಗೆ ಹದಿನಾರು ಮನೆ ಕಟ್ಟಿದರು,
ಅದರ ಗೋಡೆಗೇ ಹತ್ತಿಸಿ
ಖಾಲಿ ಗಾಡಿಯ ತೂಕಕ್ಕೆ ನಾಲ್ಕು ಮನೆ.
"ಹದಿನೈದು ಅಕ್ಷರ, ಕೊನೆಗೊಂದು ಸೊನ್ನೆ.
ಸೊನ್ನೆ ಕಂಡಲ್ಲಿ ಹೆಸರು ಮುಗಿಯಿತು, ತಿಳಿಯಿತೇನಮ್ಮ?"
ನನಗಾಗ ಹತ್ತೊಂಬತ್ತು. ತಲೆಯಾಡಿಸಿದ್ದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ಅಜ್ಜಿ.
ಸ್ಟ್ರಿಂಗ್ ಕಾಪಿ ಹಾಸಿಗೆ ನೋಡುವುದಿಲ್ಲ,
ಕಾಲಿರುವಷ್ಟೂ ಚಾಚುತ್ತದೆ
ಪಕ್ಕದಲ್ಲಿ ಮಲಗಿದವನ ಎದೆಯ ಮೇಲೂ.

ರಾತ್ರಿ ಚೀಟಿಯ ಬೆನ್ನಿಗೆ ಪೆನ್ಸಿಲ್ಲಲ್ಲಿ ಬರೆದು
ಎಣಿಸಿದೆ, ಇಂಗ್ಲಿಷಿನ ಒಂದೊಂದೇ ಅಕ್ಷರ.
ಬೋಯ, ನಾಲ್ಕು. ಒಂದು ಖಾಲಿ ಜಾಗ, ಅದಕ್ಕೂ ಮನೆ ಬೇಕು.
ಉರುಕುಂದಪ್ಪ, ಹನ್ನೊಂದು.
ಹದಿನಾರು. ತುಂಬಿಹೋಯಿತು.
ಇರಲು ಜಾಗವಿಲ್ಲದ ಸೊನ್ನೆ
ಗೋಡೆ ದಾಟಿ ತೂಕದ ಮೊದಲ ಮನೆಯಲ್ಲಿ ಕೂತಿತು,
ಅಲ್ಲಿದ್ದ ಇನ್ನೂರೆಂಟನ್ನು ಒರೆಸಿ.
ಐದು ಸಾವಿರದ ಎಂಟುನೂರ ನಲವತ್ತರ ಲಾರಿ
ಐದು ಸಾವಿರದ ಆರುನೂರ ಮೂವತ್ತೆರಡಾಯಿತು.
ಲಾರಿ ಇಳಿದಷ್ಟು ಹತ್ತಿ ಏರಿತು.

ಕಣ್ಣಾರೆ ನೋಡೋಣವೆಂದು
ನಡುವೆ ಒಂದು ಸಾಲು ಸೇರಿಸಿದೆ, ತೂಕ ತೋರಿಸೆಂದು.
ತಪ್ಪು ಮಾಯ. ಲಾರಿ ಲಾರಿಯಷ್ಟೇ ತೂಗಿತು.
ಸಾಲು ತೆಗೆದೆ. ಕಳ್ಳ ಮರಳಿ ಬಂದ.
ಭಾಷೆಯ ನಿಯಮದ ಪುಸ್ತಕ ತೆರೆದರೆ
ಅಲ್ಲಿ ಶಿಕ್ಷೆಯಿಲ್ಲ, ಕ್ಷಮೆಯೂ ಇಲ್ಲ:
ಎಲ್ಲೆ ದಾಟಿದ ಮೇಲೆ ಏನಾಗುವುದೋ
ನಾವು ಹೇಳಿಲ್ಲ, ಅಷ್ಟೇ.
ಏನೂ ಆಗದಿರಬಹುದು. ಎಂಟು ವರ್ಷ ಆಗದಿರಬಹುದು.

(ಐವತ್ತಮೂರರ ತನಕ ಈ ಊರು ಬಳ್ಳಾರಿಗೆ ಸೇರಿತ್ತು.
ಗೆರೆ ಎಳೆದದ್ದು ಅಜ್ಜಿ ಕಂಡಿರಲಿಲ್ಲ;
ಕಂದಾಯದ ಕಾಗದ ತೆಲುಗಿನಲ್ಲಿ ಬಂದ ದಿನ
ತಿರುಗಿಸಿ ತಿರುಗಿಸಿ ನೋಡಿದಳಂತೆ.)

ಮೊದಲ ರಿಪೇರಿ: ಹದಿನಾರೇ ನಕಲು ಮಾಡು, ನಿಲ್ಲು.
ನಿಂತಿತು. ಸೊನ್ನೆ ಹಾಕದೆ ನಿಂತಿತು.
ಚೀಟಿಯಲ್ಲಿ ಹೆಸರಿನ ಬಾಲಕ್ಕೆ
ಎರಡು ವಿಕಾರ ಚಿಹ್ನೆ ನೇತಾಡಿದವು,
ಅವನ ಲಾರಿಯ ತೂಕವೇ, ಹೆಸರೆಂದು ಓದಿಸಿಕೊಂಡು.
"ಇದೇನಕ್ಕಾ, ತೆಲುಗೂ ಅಲ್ಲ, ಉರ್ದೂನೂ ಅಲ್ಲ?"

ಎರಡನೆಯದು: ಹದಿನೈದಕ್ಕೆ ಕತ್ತರಿಸು, ಸೊನ್ನೆ ಇಡು.
ತೂಕ ಸರಿಹೋಯಿತು. ಶೆಟ್ಟಿ ಗಂಟಲು ಸರಿಮಾಡಿಕೊಂಡ.
ಉರುಕುಂದಪ್ಪ ಚೀಟಿಯನ್ನು ಬಿಸಿಲಿಗೆ ಹಿಡಿದ.
ಇಂಗ್ಲಿಷು ಓದಲು ಬಾರದು; ತನ್ನ ಹೆಸರಿನ ಆಕಾರ ಬಲ್ಲ.
"ಕಡೇಗೆ ಗುಡಿಸಲಂಗ ಒಂದು ಇರ್ತಿತ್ತಲ್ಲ,
ಅದೆಲ್ಲಿ ಹೋತು?"

ಈ ರಾತ್ರಿ ಅರವತ್ತನಾಲ್ಕು ಮನೆ ಕಟ್ಟುತ್ತಿದ್ದೇನೆ.
ಕಟ್ಟಿ, ಕೊನೆಯ ಬಾಗಿಲಿಗೆ ಕಾವಲು ಕೂರಿಸಿ,
ಮತ್ತೆ ಎಣಿಸುತ್ತಿದ್ದೇನೆ.
ಶೆಟ್ಟಿಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ
ಕೆಂಪು ಶಾಯಿಯ "ಕಳ್ಳ" ಹಾಗೇ ಇದೆ.
ತಿದ್ದಲು, ನೋಡಮ್ಮ,
ಆ ಅಂಕಣದಲ್ಲಿ ಜಾಗವೇ ಇಲ್ಲ ಎನ್ನುತ್ತಾನೆ.

ಹೊರಗೆ ಯಾವುದೋ ಲಾರಿ ಹಾರನ್ ಹೊಡೆಯುತ್ತಿದೆ.
ಕಿಟಕಿ ತೆಗೆದು ಕೇಳುತ್ತೇನೆ:
ಹೆಸರು ಹೇಳಪ್ಪ.
ಪೂರ್ತಿ ಹೇಳು.